ಉನ್ನತ ಶಿಕ್ಷಣದ ವೆಚ್ಚ ಮತ್ತು ವಿದ್ಯಾರ್ಥಿ ಹೋರಾಟ: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲೆಯಿಂದ ಒಂದು ಚಾರಿತ್ರಿಕ ಅವಲೋಕನ

ಕರ್ನಾಟಕದ ವಿದ್ಯಾರ್ಥಿ ಚಳವಳಿಗಳ ಬಗೆಗಿನ ಬರವಣಿಗೆ ಬಹುಮಟ್ಟಿಗೆ ಎರಡು ಎಳೆಗಳನ್ನು ಹಿಡಿದು ಸಾಗಿದೆ. 1942ರ ಕ್ವಿಟ್ ಇಂಡಿಯಾ ಮತ್ತು 1947ರ ಮೈಸೂರು ಚಲೋ ಚಳವಳಿಗಳಲ್ಲಿ ವಿದ್ಯಾರ್ಥಿಗಳು ವಹಿಸಿದ ಪಾತ್ರ ಮೊದಲನೆಯದು. 1973ರ ಬೂಸಾ ಪ್ರಕರಣದಿಂದ 1982ರ ಗೋಕಾಕ್ ಚಳವಳಿಯವರೆಗಿನ ಸಾಮಾಜಿಕ ಹಾಗೂ ಭಾಷಿಕ ಹೋರಾಟಗಳು ಎರಡನೆಯದು. ಉನ್ನತ ಶಿಕ್ಷಣದ ವೆಚ್ಚವನ್ನು ಭರಿಸಬೇಕಾದವರು ಯಾರು, ಸರ್ಕಾರವೋ ವಿದ್ಯಾರ್ಥಿಯ ಮನೆಯವರೋ ಎಂಬ ಪ್ರಶ್ನೆಯ ಸುತ್ತ ನಡೆದ ಹೋರಾಟಗಳ ಎಳೆ ಈ ಎರಡರಷ್ಟು ಗಮನ ಸೆಳೆದಿಲ್ಲ. ಪ್ರಸ್ತುತ ಲೇಖನದಲ್ಲಿ ಆ ಮೂರನೆಯ ಎಳೆಯನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲೆಯಿಂದ ಪರಿಶೀಲಿಸಲು ಯತ್ನಿಸಲಾಗಿದೆ.

ಈ ನೆಲೆಯನ್ನು ಆಯ್ದುಕೊಳ್ಳಲು ಕಾರಣವಿದೆ. 1986ರಲ್ಲಿ ಬೆಂಗಳೂರು ಜಿಲ್ಲೆಯ ವಿಭಜನೆಯಿಂದ ರೂಪುಗೊಂಡು, 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಹೊಸ ಜಿಲ್ಲೆಯೊಂದಕ್ಕೆ ಬಿಟ್ಟುಕೊಟ್ಟ ಮೇಲೆ ಈ ಜಿಲ್ಲೆಯಲ್ಲಿ ಉಳಿದವು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು. ಸಾಮಾನ್ಯ ಪದವಿಗಳನ್ನು ನೀಡುವ ಸರ್ಕಾರಿ ವಿಶ್ವವಿದ್ಯಾಲಯದ ಮುಖ್ಯ ಆವರಣ ಈ ನಾಲ್ಕರಲ್ಲಿ ಎಲ್ಲಿಯೂ ಇಲ್ಲ. ನಾಲ್ಕೂ ಪಟ್ಟಣಗಳು ಬೆಂಗಳೂರಿನಿಂದ 25ರಿಂದ 40 ಕಿಲೋಮೀಟರ್ ದೂರದ ಬಳೆಯೊಳಗಿವೆ. ಊರಿನಲ್ಲೇ ಇದ್ದು ಓದಲು ದೂರ, ಊರು ಬಿಟ್ಟು ನೆಲೆಸಲು ಹತ್ತಿರ ಎನ್ನುವಂತಹ ಅಂತರ ಇದು. ಹೀಗಾಗಿ ಇಲ್ಲಿನ ವಿದ್ಯಾರ್ಥಿಗೆ ವಿಶ್ವವಿದ್ಯಾಲಯದ ಬೆಲೆ ಎಂದರೆ ಬೋಧನಾ ಶುಲ್ಕ ಮಾತ್ರವಾಗಿರಲಿಲ್ಲ. ಹಾದಿಖರ್ಚು, ಊಟ, ವಸತಿ ಇವು ಅನೇಕ ವೇಳೆ ಶುಲ್ಕಕ್ಕಿಂತ ಭಾರವಾದ ಬಾಬುಗಳಾಗಿದ್ದವು. ನಗರದ ಆವರಣಗಳನ್ನು ಮಾತ್ರ ನೋಡಿ ಬರೆದ ಇತಿಹಾಸದಲ್ಲಿ ಶುಲ್ಕ ಏರಿಕೆಯ ಸುತ್ತೋಲೆ, ಅದರ ವಿರುದ್ಧ ಮುಷ್ಕರ, ಮಾತುಕತೆ ಇವಿಷ್ಟೇ ಕಾಣುತ್ತವೆ. ತಾಲ್ಲೂಕಿನಿಂದ ನೋಡಿದಾಗ ಸರ್ಕಾರದ ಪಾಲು ಒಂದು ಬಾಬಿನಲ್ಲಿ ಕುಗ್ಗಿದಂತೆಲ್ಲ ಹೋರಾಟವೂ ಆ ಬಾಬಿಗೆ ಸ್ಥಳಾಂತರಗೊಂಡಿರುವುದು ಕಂಡುಬರುತ್ತದೆ.

ಹಳೆಯ ಮೈಸೂರು ಸಂಸ್ಥಾನದಲ್ಲಿ ಉನ್ನತ ಶಿಕ್ಷಣದ ಖರ್ಚು ಹೇಗೆ ನಿಭಾಯಿಸಲ್ಪಡುತ್ತಿತ್ತು ಎಂಬುದನ್ನು ಮೊದಲು ನೋಡಬೇಕು. 1858ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ಪ್ರೌಢಶಾಲೆ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು. 1916ರವರೆಗೆ ಅದು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಅದೇ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಸಂಸ್ಥಾನದ ಬೊಕ್ಕಸ ಕಟ್ಟಡಗಳನ್ನೂ ಅಧ್ಯಾಪಕರನ್ನೂ ಒದಗಿಸಿತು. ಹಳ್ಳಿಯ ಹುಡುಗ ಬೆಂಗಳೂರಿನಲ್ಲಿ ತಂಗಲು ಬೇಕಾದ ಅನ್ನವನ್ನೂ ಸೂರನ್ನೂ ಒದಗಿಸಿದವರು ಬಹುಪಾಲು ಸಮುದಾಯಗಳೇ. 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘ, ವೀರಶೈವ ಸಂಸ್ಥೆಗಳು ಹಾಗೂ ಮಠಗಳು ನಡೆಸಿದ ವಿದ್ಯಾರ್ಥಿನಿಲಯಗಳು, ಅಸ್ಪೃಶ್ಯರೆನಿಸಿದ್ದ ಸಮುದಾಯಗಳ ಮಕ್ಕಳಿಗಾಗಿ ಗೋಪಾಲಸ್ವಾಮಿ ಅಯ್ಯರ್ ಅವರು ಶ್ರಮಿಸಿ ಕಟ್ಟಿದ ನಿಲಯಗಳು ಇವನ್ನು ಈ ದೃಷ್ಟಿಯಿಂದಲೂ ಅಧ್ಯಯನ ಮಾಡಬಹುದು. ಸಮಾಜಸುಧಾರಣೆಯ ಅಧ್ಯಾಯದಲ್ಲಿ ಇವುಗಳಿಗೆ ಸ್ಥಾನ ದೊರೆತಿದೆಯಾದರೂ ಶಿಕ್ಷಣದ ಹಣಕಾಸಿನ ಅಧ್ಯಾಯದಲ್ಲಿ ದೊರೆತಿಲ್ಲ. ವಾಸ್ತವವಾಗಿ ಇವು ಸರ್ಕಾರದ ಆಯವ್ಯಯದ ಹೊರಗೆ ನಡೆಯುತ್ತಿದ್ದ ಎರಡನೆಯ ಆಯವ್ಯಯ. 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿಯ ವರದಿಯ ತರುವಾಯ ಹಿಂದುಳಿದ ವರ್ಗಗಳ ಶಿಕ್ಷಣ ಸಂಸ್ಥಾನದ ಹೊಣೆಯೆಂಬ ತತ್ತ್ವ ನೆಲೆಗೊಂಡಾಗಲೂ ಈ ಎರಡನೆಯ ಆಯವ್ಯಯದ ಅಗತ್ಯ ತಪ್ಪಲಿಲ್ಲ.

ಇದಕ್ಕೆ ಒಂದು ಬಾಳಿನ ನಿದರ್ಶನವನ್ನು ಗಮನಿಸಬಹುದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು ಪ್ರೌಢಶಾಲೆಗೆ ಸೇರಲು ಬೆಂಗಳೂರಿಗೆ ಬಂದದ್ದು ಕಾಲ್ನಡಿಗೆಯಲ್ಲಿ. ಬಸ್ಸಿನ ದುಡ್ಡು ಮನೆಯಲ್ಲಿರಲಿಲ್ಲ. ಗೌರಿಬಿದನೂರಿನಿಂದ ಬೆಂಗಳೂರಿಗೆ ಇರುವ ಹೆದ್ದಾರಿ ದೊಡ್ಡಬಳ್ಳಾಪುರದ ಮೂಲಕವೇ ಹಾದುಬರುವುದು ಇಲ್ಲಿ ನೆನಪಿಗೆ ಬರುತ್ತದೆ. ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಅವರು 1942ರ ಚಳವಳಿಗೆ ಧುಮುಕಿ ಸೆರೆಮನೆ ಕಂಡರು. ಮುಂದೆ 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಅವರ ಆತ್ಮಕಥೆಯ ಹೆಸರು ‘ಹೋರಾಟದ ಹಾದಿ’. ಪ್ರಸ್ತುತ ವಿಷಯದ ಮಟ್ಟಿಗೆ ಹಾದಿ ಎಂಬ ಆ ಮಾತನ್ನು ಅಕ್ಷರಶಃ ಅರ್ಥದಲ್ಲಿ ತೆಗೆದುಕೊಂಡರೂ ತಪ್ಪಾಗದು. ಶುಲ್ಕ ಕಟ್ಟುವ ಕಿಟಕಿಯನ್ನು ತಲಪುವ ಮೊದಲೇ ಕಟ್ಟಬೇಕಾದ ಬೆಲೆಯೊಂದಿತ್ತು.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪಿತವಾದಾಗ ಈ ತಾಲ್ಲೂಕುಗಳ ಕಾಲೇಜು ಶಿಕ್ಷಣ ಅದರ ವ್ಯಾಪ್ತಿಗೆ ಬಂದಿತು. ಅದೇ ವರ್ಷ ನೇಮಕಗೊಂಡ ಕೊಠಾರಿ ಆಯೋಗ 1966ರಲ್ಲಿ ವರದಿ ಸಲ್ಲಿಸಿ, ರಾಷ್ಟ್ರೀಯ ವರಮಾನದ ಶೇ. 6ರಷ್ಟನ್ನು ಶಿಕ್ಷಣಕ್ಕೆ ವಿನಿಯೋಗಿಸಬೇಕೆಂದೂ ಶಿಕ್ಷಣವು ಹಂತಹಂತವಾಗಿ ಬೋಧನಾ ಶುಲ್ಕದಿಂದ ಮುಕ್ತವಾಗಬೇಕೆಂದೂ ಹೇಳಿತು. ಮುಂದಿನ ಅರ್ಧ ಶತಮಾನದ ವಿದ್ಯಾರ್ಥಿ ಸಂಘಟನೆಗಳ ಬೇಡಿಕೆ ಪತ್ರಗಳಲ್ಲಿ ಈ ಶೇ. 6 ಎಂಬ ಅಂಕಿ ಮಂತ್ರದಂತೆ ಮರುಕಳಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಪ್ರಮಾಣದ ಗುರಿಯನ್ನೇ ಮತ್ತೆ ಮುಂದಿಟ್ಟಿತು.

ಎಪ್ಪತ್ತರ ದಶಕದಲ್ಲಿ ಎರಡು ಬೆಳವಣಿಗೆಗಳು ನಡೆದವು. ಸೆಂಟ್ರಲ್ ಕಾಲೇಜಿನ ಆವರಣದಲ್ಲಿದ್ದ ವಿಶ್ವವಿದ್ಯಾಲಯ ಮೈಸೂರು ರಸ್ತೆಯ ಕಡೆಗಿನ ಜ್ಞಾನಭಾರತಿಗೆ ಹೋಯಿತು. ನಗರದ ನಡುವೆ, ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೂ ರೈಲು ನಿಲ್ದಾಣಕ್ಕೂ ಸಮೀಪವಿದ್ದ ಜಾಗದಿಂದ ನೈಋತ್ಯದ ಅಂಚಿಗೆ ಅದು ಸರಿದುದರಿಂದ ಪೂರ್ವದ ಹೊಸಕೋಟೆ, ಉತ್ತರದ ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಸ್ನಾತಕೋತ್ತರ ವಿದ್ಯಾರ್ಥಿ ಇಡೀ ನಗರವನ್ನು ದಾಟಿ ಹೋಗಬೇಕಾಯಿತು. ವಿಶಾಲವಾದ ಆವರಣದ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ನಿರ್ಧಾರದ ವೆಚ್ಚದ ಒಂದು ಭಾಗವನ್ನು ದಿನವೂ ತಾಲ್ಲೂಕಿನ ವಿದ್ಯಾರ್ಥಿ ಭರಿಸಿದನೆಂಬುದು ವಿಶ್ವವಿದ್ಯಾಲಯದ ಲೆಕ್ಕಪತ್ರಗಳಲ್ಲಿ ಕಾಣುವ ಸಂಗತಿಯಲ್ಲ. ಇನ್ನೊಂದು ಬೆಳವಣಿಗೆ ಇದಕ್ಕಿಂತ ಮಹತ್ವದ್ದು. ದೇವರಾಜ ಅರಸು ಅವರ ಆಡಳಿತ, 1972ರಲ್ಲಿ ನೇಮಕಗೊಂಡು 1975ರಲ್ಲಿ ವರದಿ ನೀಡಿದ ಎಲ್.ಜಿ. ಹಾವನೂರು ಆಯೋಗ, ವಿಸ್ತರಿಸಿದ ಸರ್ಕಾರಿ ವಿದ್ಯಾರ್ಥಿನಿಲಯಗಳು ಹಾಗೂ ವಿದ್ಯಾರ್ಥಿವೇತನಗಳು ಇವುಗಳಿಂದಾಗಿ ಹಿಂದೆ ಸಮುದಾಯಗಳು ಹೊತ್ತಿದ್ದ ಹೊರೆಯ ಒಂದು ಪಾಲನ್ನು ಸರ್ಕಾರ ತನ್ನ ಹೆಗಲಿಗೆ ತೆಗೆದುಕೊಂಡಿತು. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರ ಮಾತಿನಿಂದ ಹೊತ್ತಿಕೊಂಡ ಬೂಸಾ ಪ್ರಕರಣದಲ್ಲಿ ದಲಿತ ವಿದ್ಯಾರ್ಥಿಗಳು ಹಲ್ಲೆಗೊಳಗಾದರು. ಅವರು ಸಂಘಟಿತರಾಗಲು ನೆರವಾದ ತಾಣಗಳಲ್ಲಿ ಈ ವಿದ್ಯಾರ್ಥಿನಿಲಯಗಳೂ ಸೇರಿವೆ. ಹಾಸ್ಟೆಲು ಕೇವಲ ಊಟದ ಮನೆಯಾಗಿ ಉಳಿಯದೆ ರಾಜಕೀಯ ಪ್ರಜ್ಞೆಯ ಮನೆಯೂ ಆದ ಕಾಲವಿದು. ಹಾಸ್ಟೆಲಿನ ಅನುದಾನ ಕಡಿತವಾದಾಗ ದಲಿತ ಹಾಗೂ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳು ಶುಲ್ಕ ಏರಿಕೆಗಿಂತ ತೀವ್ರವಾಗಿ ಪ್ರತಿಕ್ರಿಯಿಸುವುದರ ಹಿಂದೆ ಈ ಚರಿತ್ರೆಯಿದೆ.

ಎಂಬತ್ತರ ದಶಕದಲ್ಲಿ ಪ್ರಶ್ನೆಯ ಸ್ವರೂಪವೇ ಬದಲಾಯಿತು. ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಹಾಗೂ ಇಂಜಿನಿಯರಿಂಗ್ ಕಾಲೇಜುಗಳು ಹೆಚ್ಚಿದಂತೆ ‘ಕ್ಯಾಪಿಟೇಶನ್’ ಎಂಬ ಪದ ಕನ್ನಡದ ದಿನಪತ್ರಿಕೆಗಳ ನಿತ್ಯದ ಪದವಾಯಿತು. ಎಸ್.ಎಫ್.ಐ., ಎ.ಐ.ಡಿ.ಎಸ್.ಓ., ಎ.ಬಿ.ವಿ.ಪಿ. ಮುಂತಾದ ಸಂಘಟನೆಗಳು ಸಿದ್ಧಾಂತದಲ್ಲಿ ಪರಸ್ಪರ ವಿರೋಧಿಗಳಾಗಿದ್ದರೂ ಈ ವಿಷಯದಲ್ಲಿ ಒಂದೇ ಬಗೆಯ ಬೇಡಿಕೆಗಳನ್ನು ಮುಂದಿಟ್ಟವು. ರಾಮಕೃಷ್ಣ ಹೆಗಡೆಯವರ ಸರ್ಕಾರ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯಿದೆಯನ್ನು ತಂದಿತು. ಶಿಕ್ಷಣದ ವ್ಯಾಪಾರೀಕರಣವನ್ನು ತಡೆಯುವುದೇ ಉದ್ದೇಶವೆಂದು ಕಾಯಿದೆಯ ಪೀಠಿಕೆಯಲ್ಲಿ ಒಪ್ಪಿಕೊಳ್ಳಲಾಗಿತ್ತು. ಆದರೆ ಇದೇ ಕಾಯಿದೆಯಡಿ ಶುಲ್ಕವನ್ನು ಗೊತ್ತುಪಡಿಸುವ ಅಧಿಕಾರ ಸರ್ಕಾರಕ್ಕೆ ದೊರೆತು, ಆ ಅಧಿಕಾರದಿಂದ 1989ರ ಜೂನ್ 5ರಂದು ಹೊರಟ ಅಧಿಸೂಚನೆ ಕರ್ನಾಟಕದ ಶಿಕ್ಷಣ ಚರಿತ್ರೆಯಲ್ಲಿ ವಿಶೇಷ ಅಧ್ಯಯನಕ್ಕೆ ಯೋಗ್ಯವಾದ ದಾಖಲೆಯಾಗಿದೆ. ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಸರ್ಕಾರಿ ಸೀಟು ದೊರೆಯದ ಕರ್ನಾಟಕದ ವಿದ್ಯಾರ್ಥಿಗೆ 25,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ಅದು ನಿಗದಿಪಡಿಸಿತು. ಒಂದೇ ಬೆಂಚಿನ ಮೇಲೆ ಕುಳಿತ ಮೂವರ ನಡುವೆ ಮೂವತ್ತು ಪಟ್ಟು ಅಂತರವಿರಬಹುದೆಂದು ಸರ್ಕಾರವೇ ಅಂಕಿತ ಹಾಕಿಕೊಟ್ಟಂತಾಯಿತು.

ಈ ಅಧಿಸೂಚನೆಯನ್ನು ಪ್ರಶ್ನಿಸಿದ ಮೊಕದ್ದಮೆಯೇ 1992ರ ಜುಲೈ 30ರಂದು ತೀರ್ಮಾನಗೊಂಡ ಮೋಹಿನಿ ಜೈನ್ ಪ್ರಕರಣ. ಉತ್ತರ ಪ್ರದೇಶದ ಮೀರತ್‌ನ ವಿದ್ಯಾರ್ಥಿನಿಗೆ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಮೊದಲ ವರ್ಷಕ್ಕೆ 60,000 ರೂಪಾಯಿಯನ್ನೂ ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಖಾತರಿಯನ್ನೂ ಕೇಳಲಾಗಿತ್ತು. ಅದರ ಮೇಲೆ ನಾಲ್ಕೂವರೆ ಲಕ್ಷ ಕೇಳಲಾಯಿತೆಂದು ಅರ್ಜಿದಾರಳು ಆರೋಪಿಸಿದಳು, ಆಡಳಿತ ಮಂಡಳಿ ಅದನ್ನು ನಿರಾಕರಿಸಿತು. ಶಿಕ್ಷಣದ ಹಕ್ಕು ಬದುಕುವ ಹಕ್ಕಿನಿಂದಲೇ ಹರಿದುಬರುವುದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿ, ಕ್ಯಾಪಿಟೇಶನ್ ಶುಲ್ಕವನ್ನು ಸಂವಿಧಾನಬಾಹಿರವೆಂದು ಸಾರಿತು. ಆದರೆ ತೀರ್ಪಿನ ಫಲ ಅರ್ಜಿದಾರಳಿಗೆ ಸೀಟಿನ ರೂಪದಲ್ಲಿ ದೊರೆಯಲಿಲ್ಲ. 1993ರ ಉನ್ನಿಕೃಷ್ಣನ್ ತೀರ್ಪು ಈ ಹಕ್ಕನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿತು. ವೃತ್ತಿ ಶಿಕ್ಷಣ ಕಾಲೇಜುಗಳಲ್ಲಿ ಅರ್ಧ ಉಚಿತ ಸೀಟು, ಅರ್ಧ ಪಾವತಿ ಸೀಟು ಎಂಬ ಯೋಜನೆಯನ್ನು ರೂಪಿಸಿತು. ಇದರ ಬೆನ್ನಲ್ಲೇ 1994ರಲ್ಲಿ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿತು. ಮುಂದೆ 2002ರ ಟಿ.ಎಂ.ಎ. ಪೈ ಪ್ರತಿಷ್ಠಾನ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಉನ್ನಿಕೃಷ್ಣನ್ ಯೋಜನೆಯನ್ನು ತಳ್ಳಿಹಾಕಿತು. 2003ರ ಇಸ್ಲಾಮಿಕ್ ಅಕಾಡೆಮಿ ತೀರ್ಪು ಶುಲ್ಕ ನಿಗದಿಗೆ ಸಮಿತಿಗಳನ್ನು ಸೂಚಿಸಿತು. 2005ರ ಇನಾಮದಾರ್ ತೀರ್ಪು ಅನುದಾನರಹಿತ ಕಾಲೇಜುಗಳ ಮೇಲೆ ಸರ್ಕಾರದ ಸೀಟು ಹಂಚಿಕೆಯನ್ನು ಹೇರಲಾಗದೆಂದಿತು. ಈ ಮಾಲೆಯ ಐದು ತೀರ್ಪುಗಳಲ್ಲಿ ಮೂರು ಕರ್ನಾಟಕದಿಂದ ಹೋದ ಮೊಕದ್ದಮೆಗಳೆಂಬುದು ಆಕಸ್ಮಿಕವಲ್ಲ. ಖಾಸಗಿ ವೃತ್ತಿ ಶಿಕ್ಷಣದ ಬೀಜ ಮೊದಲು ಬೇರೂರಿದ ನೆಲಗಳಲ್ಲಿ ಇದೂ ಒಂದು.

ಇಲ್ಲಿ ಒಂದು ವಿಮರ್ಶೆಯನ್ನು ಮಾಡಲೇಬೇಕು. ಕ್ಯಾಪಿಟೇಶನ್ ವಿರೋಧಿ ಹೋರಾಟವನ್ನು ಕರ್ನಾಟಕದ ವಿದ್ಯಾರ್ಥಿ ಚಳವಳಿಯ ದೊಡ್ಡ ಸಾಧನೆಯೆಂದು ಪರಿಗಣಿಸುವುದು ರೂಢಿ. ಆ ಹೋರಾಟ ವೈದ್ಯಕೀಯ ಹಾಗೂ ಇಂಜಿನಿಯರಿಂಗ್ ಸೀಟುಗಳ ಸುತ್ತಲೇ ನಡೆಯಿತು. ದೊಡ್ಡಬಳ್ಳಾಪುರದ ಮಗ್ಗದ ಮನೆಯಿಂದ ಬಂದು ಬಿ.ಎ. ಅಥವಾ ಬಿ.ಕಾಂ. ಓದುತ್ತಿದ್ದ ವಿದ್ಯಾರ್ಥಿಗೆ, ನೆಲಮಂಗಲದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ವಿದ್ಯಾರ್ಥಿನಿಗೆ ಅದರಿಂದ ಆದ ಲಾಭ ಅಲ್ಪ. ಸರ್ಕಾರಿ ಸೀಟನ್ನು ಗಳಿಸಿದವರಲ್ಲಿ ನಗರದ ಒಳ್ಳೆಯ ಶಾಲೆಗಳಲ್ಲಿ ಹಣ ಕೊಟ್ಟು ಕಲಿತು ಬಂದವರು ಬಹಳ. ಈ ದೃಷ್ಟಿಯಿಂದ ಉನ್ನತ ಶಿಕ್ಷಣದ ಸಹಾಯಧನ ಉಳ್ಳವರಿಗೇ ಹೆಚ್ಚು ದಕ್ಕುತ್ತದೆಂಬ ಅರ್ಥಶಾಸ್ತ್ರಜ್ಞರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ವಿದ್ಯಾರ್ಥಿ ಸಂಘಟನೆಗಳು ಈ ವಾದಕ್ಕೆ ನೇರವಾದ ಉತ್ತರ ಕೊಡುವ ಬದಲು ಘೋಷಣೆಯಿಂದ ಅದನ್ನು ಬದಿಗೆ ಸರಿಸಿದವು. ಹಾಗೆಂದು ಸರ್ಕಾರವು ಆ ವಾದದಿಂದ ತೆಗೆದ ನಿರ್ಣಯ ಸರಿಯಾಗಿತ್ತೆಂದೂ ಹೇಳಲಾಗದು. ಸಹಾಯಧನ ತಪ್ಪು ಕೈಗೆ ಹೋಗುತ್ತಿದ್ದರೆ ಅದನ್ನು ಸರಿಯಾದ ಕೈಗೆ ತಲಪಿಸುವುದು ಒಂದು ದಾರಿ. ಅದನ್ನೇ ಕಡಿತಗೊಳಿಸುವುದು ಇನ್ನೊಂದು. ತೊಂಬತ್ತರ ದಶಕ ಎರಡನೆಯದನ್ನು ಹಿಡಿಯಿತು.

ಆ ದಶಕದ ದಾಖಲೆಗಳು ಈ ಮಾತನ್ನು ಸಮರ್ಥಿಸುತ್ತವೆ. ವಿಶ್ವವಿದ್ಯಾಲಯ ಅನುದಾನ ಆಯೋಗ ನೇಮಿಸಿದ ನ್ಯಾಯಮೂರ್ತಿ ಪುನ್ನಯ್ಯ ಸಮಿತಿಯು 1993ರಲ್ಲಿ, ವಿಶ್ವವಿದ್ಯಾಲಯಗಳು ತಮ್ಮ ಆವರ್ತಕ ವೆಚ್ಚದ ಶೇ. 15ರಷ್ಟನ್ನು ಮೊದಲಿಗೂ ಶೇ. 25ರಷ್ಟನ್ನು ಹತ್ತು ವರ್ಷಗಳ ಅಂತ್ಯಕ್ಕೂ ಸ್ವಂತ ಮೂಲಗಳಿಂದ ಗಳಿಸಬೇಕೆಂದಿತು. 1997ರಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೊರತಂದ ಸಹಾಯಧನ ಕುರಿತ ಚರ್ಚಾಪತ್ರ, ಪ್ರಾಥಮಿಕ ಶಿಕ್ಷಣಕ್ಕೆ ನೀಡಿದ ಆದ್ಯತೆಯನ್ನು ಉನ್ನತ ಶಿಕ್ಷಣಕ್ಕೆ ನೀಡದೆ ಅದನ್ನು ಬೇರೆ ವರ್ಗಕ್ಕೆ ಸೇರಿಸಿತು. 2000ದಲ್ಲಿ ಪ್ರಧಾನಿಯವರ ವ್ಯಾಪಾರ ಹಾಗೂ ಉದ್ಯಮ ಮಂಡಳಿಗೆ ಸಲ್ಲಿಕೆಯಾದ ಅಂಬಾನಿ–ಬಿರ್ಲಾ ವರದಿ ಬಳಕೆದಾರನೇ ಬೆಲೆ ತೆರಬೇಕೆಂಬ ತತ್ತ್ವವನ್ನು ಮುಚ್ಚುಮರೆಯಿಲ್ಲದೆ ಮಂಡಿಸಿತು. ಇವು ದೆಹಲಿಯ ಕಾಗದಗಳು. ಕರ್ನಾಟಕದಲ್ಲಿ ಇವುಗಳ ಛಾಯೆ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ವಿಭಾಗಗಳಲ್ಲಿ ‘ಪೇಮೆಂಟ್ ಸೀಟು’ ಹಾಗೂ ಸ್ವಹಣಕಾಸು ಕೋರ್ಸುಗಳಾಗಿ ಬಿದ್ದಿತು. ಕಾಲೇಜಿನಲ್ಲಿ ಅದರ ರೂಪ ಇನ್ನೂ ಸೂಕ್ಷ್ಮ. ಬೋಧನಾ ಶುಲ್ಕ ಅಷ್ಟಾಗಿ ಏರದಿದ್ದಾಗಲೂ ಪ್ರಯೋಗಾಲಯ, ಗ್ರಂಥಾಲಯ, ಕ್ರೀಡೆ, ಅಭಿವೃದ್ಧಿ, ನೋಂದಣಿ, ಅಂಕಪಟ್ಟಿ ಎಂಬ ಶೀರ್ಷಿಕೆಗಳಡಿ ರಶೀದಿ ಉದ್ದವಾಗುತ್ತ ಹೋಯಿತು. ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಪರೀಕ್ಷಾ ಶುಲ್ಕವನ್ನು ವರ್ಷಕ್ಕೆ ಎರಡು ಬಾರಿ ಕಟ್ಟುವುದು ಅನಿವಾರ್ಯವಾಯಿತು. ಬೋಧನಾ ಶುಲ್ಕ ಏರಿದರೆ ಅದಕ್ಕೊಂದು ಆದೇಶವಿರುತ್ತದೆ, ಅದನ್ನು ಸುಟ್ಟು ಪ್ರತಿಭಟಿಸಬಹುದು. ರಶೀದಿಯ ಹತ್ತು ಸಾಲುಗಳಲ್ಲಿ ಹತ್ತಿಪ್ಪತ್ತು ರೂಪಾಯಿ ಏರಿದರೆ ಪ್ರತಿಭಟಿಸಲು ಎದುರಿಗೆ ಯಾರೂ ಸಿಗುವುದಿಲ್ಲ.

ಇದೇ ಹೊತ್ತಿನಲ್ಲಿ ಪ್ರತಿಭಟನೆಯ ವೇದಿಕೆಯೂ ಇಲ್ಲವಾಗಿತ್ತು. 1989ರ ಸುಮಾರಿಗೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆಗಳು ನಿಂತುಹೋದವು. ಹಿಂಸೆ ಹಾಗೂ ರಾಜಕೀಯ ಪಕ್ಷಗಳ ಹಸ್ತಕ್ಷೇಪ ಇದಕ್ಕೆ ನೀಡಲಾದ ಕಾರಣ. ಕಾರಣ ಸುಳ್ಳಲ್ಲ. ಪರಿಣಾಮವೇನೆಂದರೆ ಶುಲ್ಕದ ಪ್ರಶ್ನೆಯನ್ನು ಪ್ರಾಂಶುಪಾಲರ ಮುಂದಿಡಲು ಚುನಾಯಿತ ಪ್ರತಿನಿಧಿಯೇ ಇಲ್ಲದಂತಾಯಿತು. ಮುಂದಿನ ಹೋರಾಟಗಳು ರಾಜ್ಯಮಟ್ಟದ ಸಂಘಟನೆಗಳ ಕರೆಯ ಮೇರೆಗೆ, ರಾಜ್ಯಮಟ್ಟದ ವಿಷಯಗಳ ಮೇಲೆ ನಡೆಯತೊಡಗಿದವು. ಸ್ಥಳೀಯ ವಿಷಯಗಳು ತಹಶೀಲ್ದಾರರಿಗೆ ಸಲ್ಲಿಸುವ ಮನವಿಪತ್ರಗಳಾಗಿ ಉಳಿದವು.

ರಾಜ್ಯಮಟ್ಟದ ಅಂತಹ ಹೋರಾಟಗಳಲ್ಲಿ 2013ರ ಡಿಸೆಂಬರಿನದು ಗಮನಾರ್ಹ. ವೃತ್ತಿ ಶಿಕ್ಷಣ ಸಂಸ್ಥೆಗಳ ಪ್ರವೇಶ ಹಾಗೂ ಶುಲ್ಕ ನಿಯಂತ್ರಣಕ್ಕೆಂದು 2006ರಲ್ಲಿ ರಾಜ್ಯ ಕಾಯಿದೆ ಮಾಡಿತ್ತಾದರೂ ಅದನ್ನು ಬದಿಗಿಟ್ಟು, ಖಾಸಗಿ ಕಾಲೇಜುಗಳೊಂದಿಗೆ ವರ್ಷವರ್ಷವೂ ಒಮ್ಮತದ ಒಪ್ಪಂದ ಮಾಡಿಕೊಳ್ಳುವ ಪರಿಪಾಠ ಬೆಳೆದಿತ್ತು. ಕಾಯಿದೆಯನ್ನು ಜಾರಿಗೊಳಿಸುವ ಪ್ರಸ್ತಾಪ ಬಂದಾಗ ಖಾಸಗಿ ಕಾಲೇಜುಗಳಲ್ಲಿನ ಸರ್ಕಾರಿ ಕೋಟಾ ಕೈತಪ್ಪುವುದೆಂದು ವಿದ್ಯಾರ್ಥಿಗಳೂ ಪೋಷಕರೂ ಬೀದಿಗಿಳಿದರು. ಎಡ, ಬಲ ಎಂಬ ಭೇದವಿಲ್ಲದೆ ಸಂಘಟನೆಗಳು ವಿರೋಧಿಸಿದ ಮೇಲೆ ಸರ್ಕಾರ ಜಾರಿಯನ್ನು ಮುಂದೂಡಿತು. ನಿಯಂತ್ರಣದ ಹೆಸರಿನ ಕಾಯಿದೆ ಜಾರಿಯಾಗಬಾರದೆಂದು ವಿದ್ಯಾರ್ಥಿಗಳೇ ಬೇಡುವ ಪರಿಸ್ಥಿತಿ ಉಂಟಾದುದು ವಿಚಿತ್ರವೆನಿಸಬಹುದು. 2002ರಿಂದ 2005ರವರೆಗಿನ ತೀರ್ಪುಗಳ ಚೌಕಟ್ಟಿನಲ್ಲಿ ರೂಪುಗೊಂಡ ಕಾಯಿದೆಯಲ್ಲಿ ಸರ್ಕಾರಿ ಸೀಟಿಗೆ ಜಾಗ ಕಿರಿದಾಗಿತ್ತು. ಅದಕ್ಕಿಂತ ಹಳೆಯ ಅನೌಪಚಾರಿಕ ಒಪ್ಪಂದವೇ ಅವರಿಗೆ ಲೇಸೆನಿಸಿತು.

ತಾಲ್ಲೂಕಿನ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ವಿಷಯ ಬಸ್ಸು. ದೊಡ್ಡಬಳ್ಳಾಪುರ, ದೇವನಹಳ್ಳಿಗಳಿಗೆ ರೈಲಿನ ಅನುಕೂಲ ಉಂಟು. ಹೊಸಕೋಟೆ ಪಟ್ಟಣಕ್ಕೆ ಬಸ್ಸೇ ಗತಿ. 1997ರಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ರಾಜ್ಯ ರಸ್ತೆ ಸಾರಿಗೆ ನಿಗಮದಿಂದ ಬೇರ್ಪಟ್ಟ ಮೇಲೆ ಊರಿನ ಬಸ್ಸಿನ ಪಾಸು ಒಂದು ಸಂಸ್ಥೆಯದು, ನಗರದ ಬಸ್ಸಿನ ಪಾಸು ಇನ್ನೊಂದು ಸಂಸ್ಥೆಯದು ಎಂಬಂತಾಯಿತು. ಸಮಯಕ್ಕೆ ಬಸ್ಸಿಲ್ಲವೆಂದು, ಪಾಸಿದ್ದವರನ್ನು ಕಂಡರೆ ನಿಲ್ಲಿಸುವುದಿಲ್ಲವೆಂದು ಕಾಲೇಜು ಮಕ್ಕಳು ರಸ್ತೆ ತಡೆ ನಡೆಸುವುದು ಕರ್ನಾಟಕದ ತಾಲ್ಲೂಕು ಕೇಂದ್ರಗಳಲ್ಲಿ ಪರಿಚಿತ ದೃಶ್ಯ. ಪತ್ರಿಕೆಗಳ ಜಿಲ್ಲಾ ಪುಟದ ಒಂದು ಕಾಲಮ್ಮಿನಲ್ಲಿ ಮುಗಿದುಹೋಗುವ ಈ ಸುದ್ದಿಗಳನ್ನು ಶಿಕ್ಷಣ ವೆಚ್ಚದ ಹೋರಾಟವೆಂದು ಯಾರೂ ಕರೆದಿಲ್ಲ. ಕರೆಯಬೇಕೆಂಬುದು ಈ ಲೇಖಕನ ಅಭಿಪ್ರಾಯ. 2018ರ ಫೆಬ್ರವರಿಯ ಆಯವ್ಯಯದಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಉಚಿತ ಬಸ್ ಪಾಸಿನ ಭರವಸೆ ದೊರೆತು, ಚುನಾವಣೆಯ ನಂತರ ಬಂದ ಸಮ್ಮಿಶ್ರ ಸರ್ಕಾರ ಅದನ್ನು ಜಾರಿಗೊಳಿಸಲು ಹಿಂಜರಿದಾಗ ಸಂಘಟನೆಗಳು ರಾಜ್ಯಾದ್ಯಂತ ಪ್ರತಿಭಟಿಸಿದವು. ಆ ಭರವಸೆ ಈಡೇರಲಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ವಿದ್ಯಾರ್ಥಿನಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳ ಪ್ರಯಾಣ ಉಚಿತವಾಯಿತು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಸೇರದ ಈ ಯೋಜನೆ ಹಳ್ಳಿಯ ಹೆಣ್ಣುಮಕ್ಕಳ ಪದವಿ ಶಿಕ್ಷಣದ ಖರ್ಚನ್ನು ನೇರವಾಗಿ ತಗ್ಗಿಸಿತು. ವಸತಿಯ ವಿಷಯದಲ್ಲಿಯೂ ಇಂತಹುದೇ ಹೆಜ್ಜೆಯೊಂದು ಹಿಂದೆ ನಡೆದಿತ್ತು. ಹಾಸ್ಟೆಲಿನಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಹಾಗೂ ವಸತಿಗಾಗಿ ತಿಂಗಳಿಗೆ 1,500 ರೂಪಾಯಿ ನೀಡುವ ವಿದ್ಯಾಸಿರಿ ಯೋಜನೆ 2013–14ರಲ್ಲಿ ಬಂದಿತು.

ಹೊರಗಿನ ಹೋರಾಟಗಳೊಂದಿಗೆ ಹೋಲಿಸಿದರೆ ಈ ವಿಶಿಷ್ಟತೆ ಇನ್ನೂ ಸ್ಪಷ್ಟವಾಗುತ್ತದೆ. 2015ರ ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕದ ವಿಟ್ಸ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಶುಲ್ಕ ವಿರೋಧಿ ಚಳವಳಿ ಕೆಲವೇ ದಿನಗಳಲ್ಲಿ ದೇಶವ್ಯಾಪಿಯಾಗಿ, ಮರುವರ್ಷದ ಏರಿಕೆಯನ್ನು ಅಲ್ಲಿನ ಸರ್ಕಾರ ಕೈಬಿಡುವಂತೆ ಮಾಡಿತು. 2019ರ ನವೆಂಬರಿನಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲು ಶುಲ್ಕದ ಏರಿಕೆ ದೊಡ್ಡ ಹೋರಾಟಕ್ಕೆ ಎಡೆಮಾಡಿತು. ಇವೆರಡರ ಬಲ ವಿದ್ಯಾರ್ಥಿಗಳು ಒಂದೆಡೆ ನೆಲೆಸಿದ್ದುದರಲ್ಲಿತ್ತು. ಸಂಜೆ ನಾಲ್ಕಕ್ಕೆ ಕೊನೆಯ ತರಗತಿ ಮುಗಿಸಿ ಬಸ್ಸು ಹಿಡಿಯುವವರಿಂದ ರಾತ್ರಿಯ ಸಭೆಗಳನ್ನು ನಿರೀಕ್ಷಿಸಲಾಗದು.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಮೇಲೆ ಜಿಲ್ಲೆಯ ಭೂಮಿಯ ಬೆಲೆ ಬದಲಾಯಿತು, ಖಾಸಗಿ ವಿಶ್ವವಿದ್ಯಾಲಯಗಳಿಗೂ ಇದು ಆಕರ್ಷಕ ನೆಲೆಯಾಯಿತು. 2021ರ ಸೆಪ್ಟೆಂಬರಿನಲ್ಲಿ ಚಾಣಕ್ಯ ವಿಶ್ವವಿದ್ಯಾಲಯ ವಿಧೇಯಕ ವಿಧಾನಮಂಡಲಕ್ಕೆ ಬಂದಾಗ, ದೇವನಹಳ್ಳಿಯ ಬಳಿ ರೈತರಿಂದ ಸ್ವಾಧೀನಪಡಿಸಿಕೊಂಡ 116 ಎಕರೆ ಜಮೀನನ್ನು ಸ್ವಾಧೀನದ ವೆಚ್ಚಕ್ಕಿಂತ ಬಹಳ ಕಡಿಮೆಯಾದ 50 ಕೋಟಿ ರೂಪಾಯಿಗೆ ನೀಡಲಾಗುತ್ತಿದೆಯೆಂದು ವಿರೋಧ ಪಕ್ಷ ಆಕ್ಷೇಪಿಸಿತು. ಶಿಕ್ಷಣದ ಹಿತಕ್ಕಾಗಿ ರಿಯಾಯಿತಿ ಎಂದು ಸರ್ಕಾರ ಸಮರ್ಥಿಸಿಕೊಂಡಿತು, ವಿಧೇಯಕ ಅಂಗೀಕಾರವಾಯಿತು. ಸಾರ್ವಜನಿಕ ಉನ್ನತ ಶಿಕ್ಷಣದ ನಕ್ಷೆಯೂ ಅದಕ್ಕೆ ಮೊದಲೇ ಬದಲಾಗಿತ್ತು. ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರಾಗಿ ವಿಭಜಿಸಿ 2017ರಲ್ಲಿ ಕಾರ್ಯಾರಂಭ ಮಾಡಿದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಹೊಸಕೋಟೆ, ದೇವನಹಳ್ಳಿ ತಾಲ್ಲೂಕುಗಳು ಸೇರಿದವು. ಅದರ ಆಡಳಿತ ಕಚೇರಿ ಕೋಲಾರದ ಟಮಕದಲ್ಲಿ. ವಿಶ್ವವಿದ್ಯಾಲಯದ ಕೆಲಸಕ್ಕೆ ಜ್ಞಾನಭಾರತಿಗೆ ಹೋಗುತ್ತಿದ್ದ ಹೊಸಕೋಟೆಯ ವಿದ್ಯಾರ್ಥಿ ಈಗ ಎದುರು ದಿಕ್ಕಿನ ಬಸ್ಸು ಹತ್ತಬೇಕಾಯಿತು.

ವಿಭಜನೆಯಿಂದಾಗಲಿ ಹೊಸ ಸ್ಥಾಪನೆಯಿಂದಾಗಲಿ ವಿಶ್ವವಿದ್ಯಾಲಯಗಳ ಸಂಖ್ಯೆ ಹೆಚ್ಚಿತು, ಹಣ ಆ ಪ್ರಮಾಣದಲ್ಲಿ ಹೆಚ್ಚಲಿಲ್ಲ. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಅಧ್ಯಕ್ಷತೆಯ ಸಚಿವ ಸಂಪುಟ ಉಪಸಮಿತಿಯು ಸಂಪನ್ಮೂಲದ ಕೊರತೆಯನ್ನು ಮುಂದೊಡ್ಡಿ ಹೊಸದಾಗಿ ಸ್ಥಾಪಿತವಾಗಿದ್ದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಲು ಶಿಫಾರಸು ಮಾಡಿದಾಗ ಜಿಲ್ಲೆ ಜಿಲ್ಲೆಗಳಲ್ಲಿ ವಿದ್ಯಾರ್ಥಿಗಳು ಪ್ರತಿಭಟಿಸಿದರು. ಸಾಕಷ್ಟು ಹಣವಿಲ್ಲದೆ ವಿಶ್ವವಿದ್ಯಾಲಯಗಳನ್ನು ತೆರೆದವರ ಹೊಣೆಯ ಪ್ರಶ್ನೆಯನ್ನು ಆಳುವ, ವಿರೋಧಿಸುವ ಎರಡೂ ಪಕ್ಷಗಳು ಪರಸ್ಪರರ ಕಡೆಗೆ ತಳ್ಳಿದವು.

ಆಯವ್ಯಯದ ಕೊರತೆ ತಾಲ್ಲೂಕಿನ ಕಾಲೇಜಿನಲ್ಲಿ ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ಅಧ್ಯಾಪಕರ ಹಾಜರಿ ಪುಸ್ತಕದಲ್ಲಿ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಪಾಠ ನಡೆಸುತ್ತ ಬಂದಿದ್ದಾರೆ. ಅತಿಥಿ ಎಂಬ ಪದ ಇಷ್ಟು ದೀರ್ಘಕಾಲ ಇಷ್ಟು ಅತಿಥಿಸತ್ಕಾರವಿಲ್ಲದೆ ಬಳಕೆಯಾದ ಇನ್ನೊಂದು ಸಂದರ್ಭವಿರಲಾರದು. 2021ರ ಡಿಸೆಂಬರಿನಲ್ಲಿ ಅವರು ತರಗತಿ ಬಹಿಷ್ಕರಿಸಿದ ಮೇಲೆ 2022ರ ಜನವರಿಯಲ್ಲಿ ಸರ್ಕಾರ ಗೌರವಧನವನ್ನು ಅರ್ಹತೆ ಹಾಗೂ ಸೇವಾವಧಿಗೆ ಅನುಗುಣವಾಗಿ 26,000ದಿಂದ 32,000 ರೂಪಾಯಿಯವರೆಗೆ ಏರಿಸಿತು. ಜೊತೆಯಲ್ಲೇ ವಾರದ ಬೋಧನಾ ಅವಧಿಯನ್ನು 15 ಗಂಟೆಗೆ ಹೆಚ್ಚಿಸಿದ್ದರಿಂದ ಅಷ್ಟೇ ಕೆಲಸಕ್ಕೆ ಕಡಿಮೆ ಜನ ಸಾಕಾಗಿ ಅನೇಕರು ಕೆಲಸ ಕಳೆದುಕೊಳ್ಳುವಂತಾಯಿತು. 2023ರ ನವೆಂಬರಿನಲ್ಲಿ ಸೇವೆ ಕಾಯಂ ಮಾಡಬೇಕೆಂಬ ಒಂದೇ ಬೇಡಿಕೆಯೊಂದಿಗೆ ಮತ್ತೆ ಮುಷ್ಕರ ಆರಂಭವಾಯಿತು. ಕಾಯಂ ಬೇಡಿಕೆಗೆ 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಉಮಾದೇವಿ ತೀರ್ಪು ದೊಡ್ಡ ಕಾನೂನಿನ ತೊಡಕಾಗಿತ್ತು. ಅದೂ ಕರ್ನಾಟಕ ಸರ್ಕಾರವೇ ಕಕ್ಷಿಯಾಗಿದ್ದ ಮೊಕದ್ದಮೆ. ಸರ್ಕಾರ ಆ ಚಳಿಗಾಲದಲ್ಲಿ ಪ್ರಕಟಿಸಿದ್ದು ಸೇವಾವಧಿಯನ್ನು ಅನುಸರಿಸಿ 5,000ದಿಂದ 8,000 ರೂಪಾಯಿಯ ಹೆಚ್ಚಳ, ಆರೋಗ್ಯ ವಿಮೆ ಹಾಗೂ ಅರವತ್ತು ವರ್ಷ ತುಂಬಿದಾಗ ಇಡಿಗಂಟು.

2024ರ ಜನವರಿ 1ರಂದು ಅವರು ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದ ಕಡೆಗೆ ಪಾದಯಾತ್ರೆ ಹೊರಟರು. ಬಡ ಮಕ್ಕಳಿಗೆ ಅನ್ನ ಹಾಗೂ ಅಕ್ಷರ ನೀಡಿದ ಮಠವನ್ನು ಆರಂಭದ ಬಿಂದುವಾಗಿ ಆರಿಸಿಕೊಂಡದ್ದು ಮೇಲೆ ಹೇಳಿದ ಎರಡನೆಯ ಆಯವ್ಯಯದ ನೆನಪನ್ನು ತರುತ್ತದೆ. ತುಮಕೂರಿನಿಂದ ಬೆಂಗಳೂರಿಗೆ ಇರುವ ಹೆದ್ದಾರಿ ದಾಬಸ್‌ಪೇಟೆಯ ಬಳಿ ಈ ಜಿಲ್ಲೆಯನ್ನು ಪ್ರವೇಶಿಸಿ ನೆಲಮಂಗಲವನ್ನು ಹಾಯ್ದು ರಾಜಧಾನಿಯನ್ನು ಸೇರುತ್ತದೆ. ಅಷ್ಟು ಹೊತ್ತಿಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಒಂದು ತಿಂಗಳಿಗೂ ಮೀರಿ ತರಗತಿಗಳು ಅಸ್ತವ್ಯಸ್ತವಾಗಿದ್ದವು. ಆ ಸೆಮಿಸ್ಟರಿನ ಶುಲ್ಕವನ್ನು ವಿದ್ಯಾರ್ಥಿಗಳು ಮೊದಲೇ ಕಟ್ಟಿದ್ದರು.